ವೃದ್ಧರ ಆರೈಕೆ ಕೇಂದ್ರ: ಗುಣಮಟ್ಟ ಅಳೆಯುವುದು ಹೇಗೆ?

ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ಊರಿನ ಮನೆಯಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ತಾಯಿ. ರಾಜ್ಯದ ಅನೇಕ ಮಧ್ಯಮವರ್ಗದ ಕುಟುಂಬಗಳಿಗೆ ಇದು ಅಪರಿಚಿತ ಚಿತ್ರವೇನಲ್ಲ. ಮನೆಗೆ ಬರುತ್ತಿದ್ದ ಹೋಂ ನರ್ಸ್ ಹೇಳದೆ ಕೇಳದೆ ಬಿಟ್ಟುಹೋದಾಗ, ಸೊಸೆಯ ರಜೆಗಳೆಲ್ಲ ಮುಗಿದಾಗ ಆರೈಕೆ ಕೇಂದ್ರದ ಮಾತು ಮನೆಯಲ್ಲಿ ಮೆಲ್ಲನೆ ಸುಳಿಯುತ್ತದೆ. ‘ಜನ ಏನೆಂದಾರು’ ಎಂಬ ಅಳುಕನ್ನು ದಾಟಿ ನಿರ್ಧಾರಕ್ಕೆ ಬರುವ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ. ಆ ದಣಿವಿನಲ್ಲಿ ಕಟ್ಟಡ, ಕೈತೋಟ, ದೇವರ ಕೋಣೆ ಹಾಗೂ ಮಾಸಿಕ ಶುಲ್ಕ ಇಷ್ಟನ್ನೇ ನೋಡಿ ಒಪ್ಪಿಕೊಳ್ಳುವವರೇ ಹೆಚ್ಚು. ಆರೈಕೆಯ ಗುಣಮಟ್ಟವನ್ನು ತಿಳಿಯಲು ಇಷ್ಟು ಸಾಲದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ, ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ಶೇ 8.6. ಕರ್ನಾಟಕದಲ್ಲಿ ಈ ಪಾಲು ಶೇ 9.5ರಷ್ಟಿತ್ತು. ಆಯುಷ್ಯ ಹೆಚ್ಚಿ, ಕುಟುಂಬಗಳು ಚಿಕ್ಕದಾದಂತೆ ಆರೈಕೆಯ ಪ್ರಶ್ನೆ ಮನೆಯ ಹೊಸ್ತಿಲು ದಾಟಿ ಹೊರಬಂದಿದೆ.

ಹೆಸರು ಒಂದು, ಅರ್ಥ ಎರಡು

ಕರ್ನಾಟಕದಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆ ನಡೆಯುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಅದೇ ಹೆಸರು ದೀರ್ಘಕಾಲ ಶುಶ್ರೂಷೆ ಬೇಕಾದ ವೃದ್ಧರು ವಾಸಿಸುವ ಸ್ಥಳಕ್ಕೆ ಸಲ್ಲುತ್ತದೆ. ನಮ್ಮಲ್ಲಿನ ‘ವೃದ್ಧಾಶ್ರಮ’ ಮೂಲತಃ ಓಡಾಡಿಕೊಂಡಿರುವ ಹಿರಿಯರಿಗೆ ಊಟ, ವಸತಿ ನೀಡುವ ತಾಣ. ಇವೆರಡರ ನಡುವೆ, ಹಾಸಿಗೆ ಹಿಡಿದವರನ್ನೂ ಮರೆಗುಳಿ ರೋಗಿಗಳನ್ನೂ ಶುಲ್ಕ ಪಡೆದು ನೋಡಿಕೊಳ್ಳುವ ಆರೈಕೆ ಕೇಂದ್ರಗಳು ಈಚಿನ ವರ್ಷಗಳಲ್ಲಿ ನಗರಗಳಲ್ಲಿ ತಲೆಯೆತ್ತಿವೆ. ಈ ಲೇಖನದ ವಿಷಯ ಅವೇ.

ಹೆಸರಿನ ಈ ಗೊಂದಲ ಕಾನೂನಿನಲ್ಲೂ ಇದೆ. ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ, ನೋಂದಣಿ ಕಡ್ಡಾಯ. ವೃದ್ಧಾಶ್ರಮಗಳ ಪ್ರಸ್ತಾಪ ಇರುವುದು ಅದೇ ವರ್ಷದ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ, ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಲ್ಲಿ. ಅದರ 19ನೇ ಕಲಮು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಆಶ್ರಯ ನೀಡುವ ಒಂದಾದರೂ ಆಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಖಾಸಗಿ ಆರೈಕೆ ಗೃಹಗಳಿಗೂ ನೋಂದಣಿ ಕಡ್ಡಾಯಗೊಳಿಸಿ, ಕನಿಷ್ಠ ಮಾನದಂಡ ವಿಧಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಆದರೆ 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿಯುವವರೆಗೂ ಅದಕ್ಕೆ ಅಂಗೀಕಾರ ದೊರೆಯಲಿಲ್ಲ.

ಹೀಗಾಗಿ ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ಯಾವುದರದ್ದು ಎಂಬುದನ್ನು ಓದಿ ನೋಡುವುದು ಒಳ್ಳೆಯದು. ಟ್ರಸ್ಟ್ ನೋಂದಣಿಯ ಪತ್ರವು ಆರೈಕೆಯ ಗುಣಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೂರು ಮೆಟ್ಟಿಲುಗಳ ಅಳತೆ

ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಅಳೆಯಲು ಅವೆಡಿಸ್ ಡೊನಬೆಡಿಯನ್ ಎಂಬ ವಿದ್ವಾಂಸರು 1966ರಲ್ಲಿ ಒಂದು ಸರಳ ಚೌಕಟ್ಟನ್ನು ಮುಂದಿಟ್ಟರು. ವ್ಯವಸ್ಥೆ, ಕಾರ್ಯವಿಧಾನ, ಫಲಿತಾಂಶ ಎಂಬ ಮೂರು ಮೆಟ್ಟಿಲುಗಳ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ಕಟ್ಟಡ, ಹಾಸಿಗೆ, ಸಿಬ್ಬಂದಿ ಸಂಖ್ಯೆ ವ್ಯವಸ್ಥೆಗೆ ಸೇರಿದವು. ಸ್ನಾನ, ಊಟ, ಔಷಧ ಯಾವಾಗ, ಹೇಗೆ ಎಂಬುದು ಕಾರ್ಯವಿಧಾನ. ಕೊನೆಗೆ ವೃದ್ಧರ ದೇಹ, ಮನಸ್ಸುಗಳಿಗೆ ಏನಾಯಿತು ಎಂಬುದೇ ಫಲಿತಾಂಶ. ಸಂದರ್ಶಕರಿಗೆ ತೋರಿಸಲಾಗುವುದು ಹೆಚ್ಚಾಗಿ ಮೊದಲನೆಯದು. ಕುಟುಂಬಕ್ಕೆ ಮುಖ್ಯವಾದದ್ದು ಕೊನೆಯದು.

ಅಮೆರಿಕದಲ್ಲಿ ನರ್ಸಿಂಗ್ ಹೋಂಗಳ ಸುಧಾರಣೆಗಾಗಿ 1987ರಲ್ಲಿ ಕಾನೂನು ಬಂತು. 2008ರ ಡಿಸೆಂಬರ್‌ನಿಂದ ತಪಾಸಣೆಯ ವರದಿ, ಸಿಬ್ಬಂದಿ ಪ್ರಮಾಣ ಹಾಗೂ ಆರೈಕೆಯ ಸೂಚಕಗಳನ್ನು ಆಧರಿಸಿ ಒಂದರಿಂದ ಐದು ನಕ್ಷತ್ರಗಳ ಶ್ರೇಣಿ ನೀಡಿ ಪ್ರಕಟಿಸಲಾಗುತ್ತಿದೆ. ಅಲ್ಲಿಯೂ ಸಿಬ್ಬಂದಿಯ ಲೆಕ್ಕವನ್ನು ಆರಂಭದಲ್ಲಿ ಸಂಸ್ಥೆಗಳೇ ಬರೆದುಕೊಡುತ್ತಿದ್ದವು. ಅದು ನಂಬಲರ್ಹವಲ್ಲ ಎಂಬ ಟೀಕೆ ಬಂದ ಮೇಲೆ, 2016ರಿಂದ ವೇತನ ದಾಖಲೆಗಳ ಆಧಾರದ ಮೇಲೆ ಲೆಕ್ಕ ಸಲ್ಲಿಸುವುದು ಕಡ್ಡಾಯವಾಯಿತು. ತನ್ನ ಬಗ್ಗೆ ಸಂಸ್ಥೆ ತಾನೇ ಹೇಳಿಕೊಳ್ಳುವ ಅಂಕಿಗಳನ್ನು ಪರೀಕ್ಷಿಸದೆ ಒಪ್ಪಬಾರದೆಂಬ ಪಾಠ ಇಲ್ಲಿಗೂ ಸಲ್ಲುತ್ತದೆ.

ರಾತ್ರಿಯ ಲೆಕ್ಕ

‘ದಿನದ 24 ಗಂಟೆಯೂ ಸಿಬ್ಬಂದಿ ಇರುತ್ತಾರೆ’ ಎಂಬುದು ಸಾಮಾನ್ಯ ಭರವಸೆ. ಎಷ್ಟು ಮಂದಿ, ಯಾವ ಪಾಳಿಯಲ್ಲಿ, ಎಷ್ಟು ವೃದ್ಧರಿಗೆ ಎಂದು ಬಿಡಿಸಿ ಕೇಳಬೇಕು. ತರಬೇತಿ ಪಡೆದು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡ ನರ್ಸ್‌ಗಳೆಷ್ಟು, ಆಯಾಗಳೆಷ್ಟು ಎಂಬುದೂ ಬೇರೆ ಬೇರೆಯಾಗಿ ತಿಳಿಯಬೇಕು.

ಒಂದು ಸರಳ ಲೆಕ್ಕ ನೋಡಬಹುದು. ತಾವಾಗಿ ಮಗ್ಗುಲು ಬದಲಿಸಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸುವುದು ರೂಢಿಯ ಕ್ರಮ. ಅಂಥ 10 ಮಂದಿ ಇದ್ದರೆ, ರಾತ್ರಿ 8ರಿಂದ ಬೆಳಗ್ಗೆ 6ರವರೆಗಿನ 10 ಗಂಟೆಗಳಲ್ಲಿ 50 ಬಾರಿ ಹೊರಳಿಸಬೇಕು. ಒಮ್ಮೆಗೆ ಐದು ನಿಮಿಷವೆಂದರೂ ನಾಲ್ಕು ಗಂಟೆಗೂ ಮೀರಿದ ಕೆಲಸ. ಬಟ್ಟೆ ಬದಲಿಸುವುದು, ನೀರು ಕುಡಿಸುವುದು, ಶೌಚಕ್ಕೆ ಕರೆದೊಯ್ಯುವುದು ಇದರ ಮೇಲೆ. ಮೈಭಾರದ ವ್ಯಕ್ತಿಯನ್ನು ಹೊರಳಿಸಲು ಇಬ್ಬರು ಬೇಕು. ರಾತ್ರಿಗೆ ಒಬ್ಬಳೇ ಆಯಾ ಇರುವಲ್ಲಿ, ಅವಳು ಎಷ್ಟೇ ಒಳ್ಳೆಯವಳಾದರೂ, ಈ ಕೆಲಸ ನಡೆಯುವುದಿಲ್ಲ.

ದೇಹವೇ ಹೇಳುವ ಸಾಕ್ಷಿ

ಆ ಲೆಕ್ಕ ತಪ್ಪಿದಾಗ ಅದು ಬರೆದುಕೊಳ್ಳುವುದು ವೃದ್ಧರ ಚರ್ಮದ ಮೇಲೆ. ಬೆಡ್‌ಸೋರ್ ಎಂದು ಜನ ಕರೆಯುವ ಹಾಸಿಗೆ ಹುಣ್ಣು ಸೊಂಟದ ಹಿಂಭಾಗ, ಚಪ್ಪೆ, ಹಿಮ್ಮಡಿಗಳಲ್ಲಿ ಶುರುವಾಗುತ್ತದೆ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ. ಒತ್ತಿದರೂ ಮಾಸದ ಕೆಂಪು ಕಾಣುತ್ತದೆ. ಕಪ್ಪು ಅಥವಾ ಎಣ್ಣೆಗೆಂಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದಿರಬಹುದು. ಸುತ್ತಲಿಗಿಂತ ಕಪ್ಪಾದ, ಬಿಸಿಯಾದ, ಗಟ್ಟಿಯಾದ ಜಾಗವನ್ನು ಕೈಯಿಂದ ಮುಟ್ಟಿ ನೋಡಬೇಕು. ಈ ಹಂತದಲ್ಲಿ ಒತ್ತಡ ತಪ್ಪಿಸಿದರೆ ಗುಣವಾಗುತ್ತದೆ. ಬಿಟ್ಟರೆ ನಾಲ್ಕನೆಯ ಹಂತದಲ್ಲಿ ಮಾಂಸ ದಾಟಿ ಮೂಳೆ ಮುಟ್ಟುತ್ತದೆ. ನಂಜೇರಿ ಪ್ರಾಣಕ್ಕೂ ಎರವಾಗಬಲ್ಲದು. ಅಂತ್ಯಕಾಲದ ಕಾಯಿಲೆಯಲ್ಲಿ ಎಷ್ಟೇ ಜತನ ಮಾಡಿದರೂ ಹುಣ್ಣಾಗುವುದುಂಟು. ಅದನ್ನು ಮೊದಲೇ ಗುರುತಿಸಿ ಮನೆಯವರಿಗೆ ತಿಳಿಸಿದರೇ ಎಂಬುದೇ ಅಲ್ಲಿ ನೋಡಬೇಕಾದದ್ದು.

ಎರಡನೆಯ ಸಾಕ್ಷಿ ತೂಕ. ತಿಂಗಳಿಗೆ ಶೇ 5 ಅಥವಾ ಆರು ತಿಂಗಳಲ್ಲಿ ಶೇ 10ರಷ್ಟು ತೂಕ ಇಳಿದರೆ ಗಂಭೀರವಾಗಿ ಪರಿಗಣಿಸಬೇಕು. ಐವತ್ತು ಕಿಲೋ ತೂಕದ ಮಹಿಳೆ ಒಂದು ತಿಂಗಳಲ್ಲಿ ಎರಡೂವರೆ ಕಿಲೋ ಕಳೆದುಕೊಂಡರೆ ಆ ಮಿತಿ ತಲುಪಿದಂತೆ. ಹಲವೆಡೆ ಕಾರಣ ಸರಳವಾಗಿರುತ್ತದೆ: ತಟ್ಟೆ ಬಂದಿರುತ್ತದೆ, ತಿನ್ನಿಸುವವರು ಬಂದಿರುವುದಿಲ್ಲ. ಪ್ರತಿ ತಿಂಗಳು ತೂಕ ನೋಡಿ ಬರೆದಿಡುವ ಪುಸ್ತಕವಿದೆಯೇ ಎಂದು ಕೇಳಬೇಕು.

ಮೂರನೆಯದು ಬೀಳುವಿಕೆ. ‘ನಮ್ಮಲ್ಲಿ ಯಾರೂ ಬಿದ್ದಿಲ್ಲ’ ಎಂಬ ಮಾತು ಸಮಾಧಾನ ತರುವಂತಿದ್ದರೂ ಅದರ ಹಿಂದೆ ಬೇರೆ ಕಥೆ ಇರಬಹುದು. ನಡೆಯಲು ಬಿಡದೆ ಕುರ್ಚಿಗೆ ಕಟ್ಟಿದವರು, ನಿದ್ರೆಯ ಮದ್ದಿನಲ್ಲಿ ಮಲಗಿದವರು ಬೀಳುವುದಿಲ್ಲ. ಬಿದ್ದ ಪ್ರಸಂಗವನ್ನು ದಾಖಲಿಸಿ, ಬಾತ್‌ರೂಮಿಗೆ ಹಿಡಿಕೆ ಹಾಕಿಸಿದ ಕೇಂದ್ರವೇ ಹೆಚ್ಚು ವಿಶ್ವಾಸಾರ್ಹ.

ಮದ್ದು ಯಾರ ಅನುಕೂಲಕ್ಕೆ?

ಅಮೆರಿಕದ ವೈದ್ಯ ಮಾರ್ಕ್ ಬೀರ್ಸ್ ಹಾಗೂ ಸಹೋದ್ಯೋಗಿಗಳು 1991ರಲ್ಲಿ ನರ್ಸಿಂಗ್ ಹೋಂ ನಿವಾಸಿಗಳನ್ನು ದೃಷ್ಟಿಯಲ್ಲಿರಿಸಿ, ವೃದ್ಧರಿಗೆ ಹೊಂದದ ಔಷಧಗಳ ಪಟ್ಟಿ ಸಿದ್ಧಪಡಿಸಿದರು. ಕಾಲಕಾಲಕ್ಕೆ ಪರಿಷ್ಕೃತವಾಗುತ್ತಿರುವ ಆ ಪಟ್ಟಿಯಲ್ಲಿ ನಿದ್ರಾಜನಕಗಳಿಗೆ ಪ್ರಮುಖ ಸ್ಥಾನವಿದೆ. ಮರೆಗುಳಿತನದ ವೃದ್ಧರಲ್ಲಿ ಕೆಲವು ಮನೋರೋಗದ ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಕೆ ನೀಡಿತು. ಇಂಥ ಮದ್ದು ಬೇಕಾಗುವ ಸಂದರ್ಭಗಳಿವೆ. ಆದರೆ ಸೇರಿದ ಕೆಲವೇ ವಾರಗಳಲ್ಲಿ ಮಾತು ಕಡಿಮೆಯಾಗಿ, ಹಗಲಿನಲ್ಲೂ ತೂಕಡಿಸುವ ಹಿರಿಯರನ್ನು ಕಂಡಾಗ ‘ಹೊಂದಿಕೊಂಡಿದ್ದಾರೆ’ ಎಂಬ ಉತ್ತರಕ್ಕೆ ತೃಪ್ತರಾಗದೆ ಔಷಧದ ಚೀಟಿ ಕೇಳಬೇಕು. ಯಾವ ವೈದ್ಯರು, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಬರೆದಿದ್ದಾರೆ ಎಂಬುದು ಅದರಲ್ಲಿರಬೇಕು. ಮೂತ್ರದ ನಳಿಕೆ ಹಾಕಿದ್ದರೂ ಇದೇ ಪ್ರಶ್ನೆ ಸಲ್ಲುತ್ತದೆ. ಅಗತ್ಯವಿಲ್ಲದ ನಳಿಕೆ ಸೋಂಕಿಗೆ ದಾರಿ.

ಭೇಟಿ ಯಾವಾಗ, ನೋಡುವುದು ಯಾರನ್ನು?

ಮೊದಲ ಭೇಟಿ ಮುಂಚಿತವಾಗಿ ತಿಳಿಸಿಯೇ ಆಗಲಿ. ಎರಡನೆಯದು ತಿಳಿಸದೆ, ಊಟದ ಹೊತ್ತಿನಲ್ಲೋ ಭಾನುವಾರ ಸಂಜೆಯೋ ಆಗಬೇಕು. ಮೂತ್ರದ ವಾಸನೆ ಒಂದು ಕೋಣೆಯಲ್ಲಿದ್ದರೆ ಆಗಷ್ಟೇ ಆದದ್ದಿರಬಹುದು. ಇಡೀ ಮನೆಯಲ್ಲಿದ್ದರೆ ಅದು ಸಿಬ್ಬಂದಿ ಕೊರತೆಯ ಸೂಚನೆ. ಕುಡಿಯುವ ನೀರಿನ ಲೋಟ ಕೈಗೆಟುಕುವಲ್ಲಿದೆಯೇ, ಕರೆಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಆಯಾಗಳು ವೃದ್ಧರನ್ನು ಹೆಸರು ಹಿಡಿದು, ‘ಅಜ್ಜಿ’, ‘ಅಮ್ಮ’ ಎಂದು ಮಾತನಾಡಿಸುತ್ತಾರೆಯೇ ಅಥವಾ ‘ಮೂರನೇ ಬೆಡ್ಡು’ ಎನ್ನುತ್ತಾರೆಯೇ ಎಂಬುದನ್ನು ಗಮನಿಸಬೇಕು. ಗೋಪ್ಯತೆಗೆ ಪರದೆ ಇದೆಯೇ ಎಂಬುದು ಸಣ್ಣ ವಿಷಯವಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನೋಡಬೇಕಾದದ್ದು ಮಾತು ನಿಂತ, ಬಂದು ನೋಡುವವರಿಲ್ಲದ ವೃದ್ಧರನ್ನು. ವಾರಕ್ಕೊಮ್ಮೆ ಮಕ್ಕಳು ಬರುವ ಹಿರಿಯರ ತಲೆ ಬಾಚಿರುವುದು ಸಹಜ. ಯಾರೂ ಬಾರದವರ ಉಗುರು ಕತ್ತರಿಸಿದ್ದರೆ, ತುಟಿ ಒಣಗಿರದಿದ್ದರೆ, ಕನ್ನಡಕ ಒರೆಸಿದ್ದರೆ ಆ ಕೇಂದ್ರದ ಆರೈಕೆಯನ್ನು ನಂಬಬಹುದು.

ಒಪ್ಪಂದ ಮತ್ತು ದೂರು

ಮುಂಗಡ ಠೇವಣಿಯ ವಾಪಸಾತಿ, ಡೈಪರ್ ಹಾಗೂ ಫಿಸಿಯೋಥೆರಪಿಯ ಪ್ರತ್ಯೇಕ ಶುಲ್ಕ, ತುರ್ತಿನಲ್ಲಿ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಸ್ಥಿತಿ ಬಿಗಡಾಯಿಸಿದರೆ ಇರಿಸಿಕೊಳ್ಳುತ್ತಾರೆಯೇ ಎಂಬ ಅಂಶಗಳು ಒಪ್ಪಂದದಲ್ಲಿ ಲಿಖಿತವಾಗಿರಬೇಕು.

ದೂರಿದ್ದರೆ ಮೊದಲು ದಿನಾಂಕ ಸಹಿತ ಬರವಣಿಗೆಯಲ್ಲಿ ಸಂಸ್ಥೆಗೆ ಕೊಡುವುದು ಸೂಕ್ತ. ಹುಣ್ಣು, ಗಾಯಗಳಿದ್ದರೆ ಛಾಯಾಚಿತ್ರವಿರಲಿ. ಖಾಸಗಿ ವೈದ್ಯಕೀಯ ಸಂಸ್ಥೆಯಾಗಿ ನೋಂದಾಯಿತವಾಗಿದ್ದರೆ ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕ ಪಡೆದ ಸೇವೆಯ ಲೋಪಕ್ಕೆ ಗ್ರಾಹಕರ ಆಯೋಗದ ದಾರಿಯಿದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಮಾರ್ಗದರ್ಶನ ನೀಡುತ್ತದೆ.

ಹೊಣೆ ಕೇಂದ್ರದ್ದಷ್ಟೇ ಅಲ್ಲ ಎಂಬುದನ್ನೂ ಮರೆಯಲಾಗದು. ಆರೈಕೆಯ ಹೊಣೆ ಹೊತ್ತವರು ಹಿರಿಯ ನಾಗರಿಕರನ್ನು ಪೂರ್ತಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ, 2007ರ ಕಾಯ್ದೆಯ 24ನೇ ಕಲಮಿನ ಪ್ರಕಾರ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ತಿಂಗಳ ಶುಲ್ಕ ತಪ್ಪದೆ ಪಾವತಿಯಾಗುತ್ತಿದ್ದರೆ ಕಾನೂನಿನ ಕಣ್ಣಿಗೆ ಅದು ತೊರೆದಂತಾಗದೆ ಹೋಗಬಹುದು. ಆದರೆ ಮನೆಯವರು ಬಂದು, ಹೊದಿಕೆ ಸರಿಸಿ, ಹಿಮ್ಮಡಿ ಮುಟ್ಟಿ ನೋಡುವ ಕೆಲಸವನ್ನು ಯಾವ ತಪಾಸಣಾಧಿಕಾರಿಯೂ ಅವರ ಪರವಾಗಿ ಮಾಡಲಾರ.