ಜಾವದ ನಿದ್ರೆ, ಪಾಳಿಯ ನಿದ್ರೆ

ಬೆಳಗಿನ ಜಾವ ಎಂಬ ಮಾತು ಈಗಲೂ ನಮ್ಮ ಬಾಯಲ್ಲಿದೆ. ಇರುಳನ್ನು ಮೂರು ಗಂಟೆಗಳ ನಾಲ್ಕು ಜಾವಗಳಾಗಿ ಎಣಿಸುತ್ತಿದ್ದ ಕಾಲದ ಉಳಿಕೆ ಅದು. ಹಿಂದೆ ಯುರೋಪಿನಲ್ಲಿ ಜನ ಒಮ್ಮೆ ಮಲಗಿ, ನಡುರಾತ್ರಿ ಎದ್ದು, ಮತ್ತೆ ಮಲಗುತ್ತಿದ್ದರೆಂದು ಅಮೆರಿಕದ ಇತಿಹಾಸಕಾರ ರೋಜರ್ ಎಕಿರ್ಚ್ 2001ರಲ್ಲಿ ಹಳೆಯ ದಾಖಲೆಗಳಿಂದ ತೋರಿಸಿದರು. ತುಂಡು ನಿದ್ರೆ ಹೊಸದೇನಲ್ಲ.

ಬೆಂಗಳೂರಿನ ಇರುಳು ಬದಲಾದದ್ದು 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳು ಬೆಳಗಿದಾಗ. 1949ರಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರಕ್ಕೆ ಅಡಿಗಲ್ಲು ಬಿತ್ತು. ಕಾರ್ಖಾನೆಗಳ ಜೊತೆಗೆ ಪಾಳಿಯೂ ಮನೆಗಳಿಗೆ ಬಂತು.

ನಮ್ಮ ತಂದೆಯದೂ ಪಾಳಿಯ ಕೆಲಸ. ರಾತ್ರಿ ಪಾಳಿಯ ವಾರದಲ್ಲಿ ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ಎರಡು ಗಂಟೆ ನಿದ್ರೆ. ಅದೇ ಕೋಣೆಯಲ್ಲಿ ನಾವು ಪಿಸುಮಾತಿನಲ್ಲೇ ಮಗ್ಗಿ ಕಲಿತೆವು. ಅವರು ರೇಗಿದರೆ, ಇಷ್ಟು ವರ್ಷವಾದರೂ ಅಭ್ಯಾಸವಾಗಲಿಲ್ಲವೇ ಎಂದು ಬೇಸರಪಡುತ್ತಿದ್ದೆವು.

ಲೆಕ್ಕ ತಿಳಿದದ್ದು ವಿಜ್ಞಾನ ಓದಿದ ಮೇಲೆ. ಬೆಳಕನ್ನು ಅನುಸರಿಸುವ ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯಬಲ್ಲದು. ಪಾಳಿ ಸರಿಯುತ್ತಿದ್ದುದು ಎಂಟು ಗಂಟೆ, ಅದೂ ವಾರಕ್ಕೊಮ್ಮೆ. ದೇಹ ಒಗ್ಗುವ ಮೊದಲೇ ಮುಂದಿನ ಪಾಳಿ ಬಂದಿರುತ್ತಿತ್ತು. ತಪ್ಪು ಅವರದಾಗಿರಲಿಲ್ಲ.