ಕೊಳ್ಳೇಗಾಲಕ್ಕೊಂದು ಸ್ವಾತಂತ್ರ್ಯ, ಯಳಂದೂರಿಗೊಂದು

ಶಾಗ್ಯದ ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಜಮೀನಿನ ಹಳೇ ಪತ್ರಗಳಿವೆ. ಊರು ನಮ್ಮದೇ, ತಾಲೂಕು ಕೊಳ್ಳೇಗಾಲವೇ (ಈಗ ಬಿಡಿ, ನಾವು ಹನೂರು ತಾಲೂಕಿನವರು). ಆದರೆ ಜಿಲ್ಲೆ ಅಂತ ಇರೋದು ಕೊಯಮತ್ತೂರು! ಬೆಂಗಳೂರಿನ ಗೆಳೆಯರಿಗೆ ಇದನ್ನ ಹೇಳಿದರೆ ನಂಬೋದೇ ಇಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಯ್ತು, ಕೊಯಮತ್ತೂರು ಜಿಲ್ಲೆಗೆ ಸೇರಿತು. ಮೈಸೂರಿಗೆ ವಾಪಸ್ ಬಂದದ್ದು 1956ರ ನವೆಂಬರ್ 1ಕ್ಕೆ. ಪಕ್ಕದ ಯಳಂದೂರು ಮಾತ್ರ ಮೈಸೂರಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯ್ತು. ಎರಡಕ್ಕೂ ನಡುವೆ ಹದಿನೈದು ಕಿಲೋಮೀಟರ್ ಆಸುಪಾಸು ಅಷ್ಟೇ. ಅಲ್ಲಿ ಮಹಾರಾಜರ ಆಳ್ವಿಕೆ, ಇಲ್ಲಿ ನೇರವಾಗಿ ಬ್ರಿಟಿಷರದ್ದು.

ನೇರವಾಗಿ ಅಂದ ತಕ್ಷಣ ಶಾಗ್ಯದಲ್ಲಿ ಕೆಂಪು ಮೂತಿಯವರು ಕುದುರೆ ಮೇಲೆ ಓಡಾಡ್ತಿದ್ರು ಅಂದುಕೋಬೇಡಿ. ಕಲೆಕ್ಟರ್ ಇದ್ದದ್ದು ಬೆಟ್ಟಗಳ ಆಚೆ, ಘಟ್ಟದ ಕೆಳಗೆ ಕೊಯಮತ್ತೂರಲ್ಲಿ. ಊರಲ್ಲಿ ಕಂದಾಯ ಎತ್ತಿದವನು, ಲೆಕ್ಕ ಬರೆದವನು, ಲಾಠಿ ಹಿಡಿದ ಪೊಲೀಸು, ಎಲ್ಲರೂ ನಮ್ಮವರೇ. 1931ರಲ್ಲಿ ಬರ್ಮಾ ಸೇರಿ ಇಂಡಿಯಾದ ಜನ ಸುಮಾರು 35 ಕೋಟಿ. ಸೈನಿಕರು, ಹೆಂಡತಿ ಮಕ್ಕಳು ಎಲ್ಲಾ ಸೇರಿಸಿದ್ರೂ ಬ್ರಿಟಿಷರು ಎರಡು ಲಕ್ಷ ಇರಲಿಲ್ಲ. ಮೇಲಿನ ಐಸಿಎಸ್ ಅಧಿಕಾರಿಗಳು ಸಾವಿರದ ಆಸುಪಾಸು, ಅವರಲ್ಲೂ ಭಾರತೀಯರಿದ್ದರು. ನಮ್ಮ ಕಂಪ್ಯೂಟರ್ ಭಾಷೇಲಿ ಹೇಳೋದಾದ್ರೆ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಲಂಡನ್ನಲ್ಲಿ, ಸಿಸ್ಟಮ್ ಓಡಿಸ್ತಿದ್ದವರು ಇಲ್ಲಿಯವರು.

ಆಫೀಸಿನ ಊಟದ ಹೊತ್ತಲ್ಲಿ ಪ್ರತಿ ಆಗಸ್ಟಿಗೂ ಒಂದು ಜಗಳ ನಡೆಯುತ್ತೆ. ಸ್ವಾತಂತ್ರ್ಯ ತಂದದ್ದು ಗಾಂಧಿ ಅಂತ ಒಬ್ಬ, ಅಲ್ಲ ಹಿಟ್ಲರ್ ಅಂತ ಇನ್ನೊಬ್ಬ. ಧೈರ್ಯಶಾಲಿಗಳು ಹೋರಾಡಿದರು, ಗೆದ್ದರು ಅನ್ನೋದು ಮೂರನೆಯವನ ವಾದ. ನನಗೆ ಮೂರೂ ಪೂರ್ತಿ ಒಪ್ಪಿಗೆ ಆಗಲ್ಲ. ಧೈರ್ಯ ಒಂದೇ ಸಾಕಾಗಿದ್ದರೆ ಕಿತ್ತೂರು 1824ರಲ್ಲೇ ಗೆದ್ದು ಕೂರಬೇಕಿತ್ತು. ಅಕ್ಟೋಬರ್‌ನಲ್ಲಿ ಚೆನ್ನಮ್ಮನ ಸೈನ್ಯ ಥ್ಯಾಕರೆಯನ್ನ ಕೊಂದೇ ಬಿಟ್ಟಿತು. ಡಿಸೆಂಬರ್‌ಗೆ ಕಂಪನಿ ಬೇರೆ ಕಡೆಯಿಂದ ಪಡೆ ತರಿಸಿ ಕೋಟೆ ಹಿಡಿಯಿತು. ಆ ಪಡೆಯ ಸಿಪಾಯಿಗಳಿಗೆ ಸಂಬಳ ಬರ್ತಿದ್ದದ್ದು ಇಲ್ಲಿಯದೇ ರೈತರ ಕಂದಾಯದಿಂದ. ಸಂಗೊಳ್ಳಿ ರಾಯಣ್ಣನನ್ನ ಹಿಡಿದುಕೊಡೋಕೂ ಊರಿನವರು ಸಿಕ್ಕರು. 1831ರಲ್ಲಿ ನಂದಗಡದಲ್ಲಿ ಗಲ್ಲಾಯ್ತು.

ನೂರು ವರ್ಷ ಬಿಟ್ಟು ಉತ್ತರ ಕನ್ನಡಕ್ಕೆ ಬನ್ನಿ. ಅಂಕೋಲಾ, ಸಿದ್ದಾಪುರದ ಕಡೆಯ ರೈತರು 1930ರ ನಂತರ ಕಂದಾಯ ಕಟ್ಟಲ್ಲ ಅಂದರು. ಸರ್ಕಾರ ಜಮೀನು ಜಪ್ತಿ ಮಾಡಿತು, ದನ, ಪಾತ್ರೆಪಗಡೆ ಎಲ್ಲಾ ಹರಾಜಿಗೆ ಹಾಕಿತು. ಇಲ್ಲೊಂದು ವಿಷಯ ನನಗೆ ತುಂಬಾ ಹಿಡಿಸಿತು. ಹರಾಜು ಅಂದಮೇಲೆ ಕೂಗೋಕೆ ಒಬ್ಬ ಬೇಕು, ಕೊಳ್ಳೋಕೆ ಇನ್ನೊಬ್ಬ ಬೇಕು ತಾನೇ? ಸಿದ್ದಾಪುರದ ಹೆಂಗಸರು ಕಲೆಕ್ಟರ್ ಕಚೇರಿಯ ಗೋಜಿಗೇ ಹೋಗಲಿಲ್ಲ. ಹರಾಜಿನಲ್ಲಿ ಕೊಂಡವರ ಮನೆ ಬಾಗಿಲಲ್ಲಿ ಉಪವಾಸ ಕೂತರು! ದಿನಾ ಮುಖ ನೋಡಬೇಕಾದ ನೆರೆಹೊರೆಯವರು ಅವರು. ಹಾಗೆ ಕೂತರೆ ಮುಂದಿನ ಹರಾಜಿಗೆ ಯಾರಿಗೆ ಧೈರ್ಯ ಬರುತ್ತೆ ಹೇಳಿ? ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ, ಜೋಗಕ್ಕೆ ಹೋಗೋರು ನೋಡಿ ಬನ್ನಿ. ಆ ವರ್ಷಗಳಲ್ಲಿ ಅವರು ಗೆಲ್ಲಲಿಲ್ಲ ನಿಜ, ಎಷ್ಟೋ ಮನೆ ಹಾಳಾದವು. ಆದರೆ ಬ್ರಿಟಿಷರಿಗೆ ಪುಕ್ಕಟೆಯಾಗಿ ಸಿಗ್ತಿದ್ದ ಸಹಾಯಕ್ಕೆ ಬೆಲೆ ಏರಿದ್ದು ಇಂಥ ಕಡೆ.

ಈ ಬೆಲೆ ಎಷ್ಟು ದಿನ ಕೈಗೆಟುಕುವಂತಿತ್ತೋ ಅಷ್ಟು ದಿನ ಅವರು ಇದ್ದರು. ಎರಡನೇ ಯುದ್ಧ ಲೆಕ್ಕವನ್ನ ತಿರುಗುಮುರುಗು ಮಾಡಿತು. ಮುಂಚೆ ನಾವು ಅವರಿಗೆ ಸಾಲಗಾರರು. ಯುದ್ಧ ಮುಗಿದಾಗ ಅವರೇ ನಮಗೆ ನೂರು ಕೋಟಿ ಪೌಂಡಿಗಿಂತ ಹೆಚ್ಚು ಕೊಡಬೇಕಿತ್ತು. ಯುದ್ಧ ನಡೆಯುವಾಗಲೂ ಇಲ್ಲದ ಬ್ರೆಡ್ ರೇಷನ್ ಬ್ರಿಟನ್ನಿಗೆ 1946ರ ಜುಲೈನಲ್ಲಿ ಬಂತು. ಅದೇ ವರ್ಷ ಫೆಬ್ರವರಿ 18ಕ್ಕೆ ಮುಂಬಯಿಯ 'ತಲ್ವಾರ್' ನೆಲೆಯ ನಾವಿಕರು ಕೆಟ್ಟ ಊಟದ ಕಾರಣಕ್ಕೆ ಮುಷ್ಕರ ಶುರು ಮಾಡಿದ್ರು. ನಾಲ್ಕೈದು ದಿನದಲ್ಲಿ ಕರಾಚಿ ಸೇರಿ ಹಲವು ಬಂದರುಗಳಲ್ಲಿ ಸುಮಾರು 20,000 ನಾವಿಕರು ಎದ್ದರು. ಕಾಂಗ್ರೆಸ್ಸೂ ಲೀಗೂ ಅವರ ಕೈ ಹಿಡಿಯಲಿಲ್ಲ, ಶರಣಾಗಿ ಅಂದವು. (ಇದು ನನಗೆ ಇವತ್ತಿಗೂ ಬೇಜಾರು.) ಆದರೂ ನಾಳೆ ಗುಂಡು ಹಾರಿಸು ಅಂದರೆ ಯಾರು ಹಾರಿಸ್ತಾರೆ, ಯಾರ ಮೇಲೆ ಹಾರಿಸ್ತಾರೆ ಅನ್ನೋ ಅನುಮಾನ ಮೇಲಿನವರಿಗೆ ಬಂದಾಗಿತ್ತು. ಒಂದು ವರ್ಷದಲ್ಲಿ, 1947ರ ಫೆಬ್ರವರಿ 20ರಂದು, ಹೊರಟೆವು ಅಂತ ಆಟ್ಲಿ ಘೋಷಿಸಿದರು. ಹಾಗಾಗಿ ಹಿಟ್ಲರ್ ಅನ್ನೋ ಗೆಳೆಯನಿಗೆ ನಾನು ಹೇಳೋದಿಷ್ಟು: ಮೊದಲನೇ ಯುದ್ಧದಲ್ಲೂ ಬ್ರಿಟನ್ ಸುಸ್ತಾಗಿತ್ತು, ಆದ್ರೆ ಬಿಟ್ಟು ಹೋಗಲಿಲ್ಲ. ಎರಡರ ನಡುವಿನ ಇಪ್ಪತ್ತು ವರ್ಷ ಸಿದ್ದಾಪುರದಂಥ ನೂರಾರು ಊರುಗಳು ಸುಮ್ಮನೆ ಕೂತಿರಲಿಲ್ಲವಲ್ಲ.

ಸಾಮ್ರಾಜ್ಯ ಬಲವಾಗಿದ್ದಷ್ಟೂ ತಡ ಅನ್ನೋದೂ ಸುಳ್ಳು. ಕಾರವಾರದ ಪಕ್ಕದ ಗೋವಾ ನೋಡಿ. ಬ್ರಿಟನ್ ಎದುರು ಬಡಪಾಯಿಯಾಗಿದ್ದ ಪೋರ್ಚುಗಲ್ 1961ರ ಡಿಸೆಂಬರ್‌ವರೆಗೂ ಜಪ್ಪಯ್ಯ ಅನ್ನಲಿಲ್ಲ. ಅಲ್ಲಿ ಸಲಾಜಾರ್‌ನ ಸರ್ವಾಧಿಕಾರ. ಖರ್ಚೆಷ್ಟು, ಯಾಕೆ ಅಂತ ಅವನನ್ನ ಕೇಳುವ ಪಾರ್ಲಿಮೆಂಟು ಇರಲಿಲ್ಲ. ಕೊನೆಗೆ ಭಾರತದ ಸೇನೆಯೇ ಹೋಗಬೇಕಾಯ್ತು.

ಇನ್ನು ನಮ್ಮ ಕಡೆಯ ವಿಷಯ. 1947ರ ಆಗಸ್ಟ್ 15ಕ್ಕೆ ಕೊಳ್ಳೇಗಾಲದವರು ಸ್ವತಂತ್ರರು. ಯಳಂದೂರಿನವರು? ಮಹಾರಾಜರು ಭಾರತಕ್ಕೆ ಸೇರೋ ಪತ್ರಕ್ಕೆ ಸಹಿ ಹಾಕಿದ್ದರು, ಸರಿ. ಅಧಿಕಾರ ಮಾತ್ರ ದಿವಾನರ ಕೈಯಲ್ಲೇ ಇತ್ತು. ಬ್ರಿಟಿಷರು ಹೋದಮೇಲೆ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯ್ತು. ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದದ್ದು ಆಗಲೇ. ದಿನಾ ಬಸ್ಸಿನಲ್ಲಿ ರಾಮಸ್ವಾಮಿ ಸರ್ಕಲ್ ದಾಟೋ ಎಷ್ಟು ಜನಕ್ಕೆ ಅದು ಸ್ವತಂತ್ರ ಭಾರತದಲ್ಲಿ ಆದ ಸಾವು ಅಂತ ಗೊತ್ತು? ಅಕ್ಟೋಬರ್ ಕೊನೆಯ ವಾರ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಮೇಲೆ ಯಳಂದೂರು ಕೊಳ್ಳೇಗಾಲದ ಸಮಕ್ಕೆ ಬಂತು, ಎರಡು ತಿಂಗಳ ಮೇಲೆ ಹತ್ತು ದಿನ ತಡವಾಗಿ.