ಒಂದು ಹಿಡಿಕೆ, ಹಲವು ಯಂತ್ರ

ನಮ್ಮ ಮನೆಯ ಟ್ರಂಕಿನ ತಳದಲ್ಲಿ ಹಳೆಯದೊಂದು ಟಿ.ವಿ. ಗೇಮ್ ಇದೆ. 1990ರ ದಶಕದಲ್ಲಿ ನಮ್ಮ ಪೇಟೆಗಳಿಗೆಲ್ಲ ಬಂದಿದ್ದ ಅಗ್ಗದ ಆಟದ ಯಂತ್ರಗಳಲ್ಲಿ ಅದೂ ಒಂದು. ನಾವು ಹೈಸ್ಕೂಲಿನಲ್ಲಿದ್ದಾಗ ಅದರ ಗುಂಡಿಗಳು ಸವೆದುಹೋದವು. ಬಂಧುಗಳ ಮನೆಯಲ್ಲಿ ಯಾವುದೋ ಹಳೆಯ ಕಂಪ್ಯೂಟರಿನ ಜಾಯ್‌ಸ್ಟಿಕ್ ಸುಮ್ಮನೆ ಬಿದ್ದಿತ್ತು. ಬೇಡಿ ತಂದೆವು. ಅದಕ್ಕೂ ಒಂಬತ್ತು ತೂತಿನ ಪ್ಲಗ್ಗು, ಇದಕ್ಕೂ ಒಂಬತ್ತು ತೂತಿನ ಪ್ಲಗ್ಗು. ಸಲೀಸಾಗಿ ಕೂತಿತು. ಆದರೆ ಹಿಡಿಕೆಯನ್ನು ಎಷ್ಟು ತಿರುವಿದರೂ ಪರದೆಯ ಮೇಲಿನ ವೀರ ಹೇಳಿದ ಮಾತು ಕೇಳಲಿಲ್ಲ. ಇದೇ ನೆಪವೆಂದು ತೀರ್ಥರೂಪರು ಯಂತ್ರವನ್ನು ಅಟ್ಟಕ್ಕೇರಿಸಿದರು. ಅದೇಕೆ ಹಾಗಾಯಿತೆಂಬುದು ನಮಗೆ ತಿಳಿದದ್ದು ಬಿ.ಎಸ್‌ಸಿ. ಮುಗಿಸಿ, ಗುಮಾಸ್ತಿಕೆ ಹಿಡಿದು, ಮುಂಬಯಿ ಸೇರಿ ಎಷ್ಟೋ ವರ್ಷಗಳಾದ ಮೇಲೆ.

ಈಚೆಗೆ ನಮ್ಮ ಚಿರಂಜೀವಿ 'ಆರ್ಕೇಡ್ ಸ್ಟಿಕ್' ಬೇಕೆಂದು ಹಟ ಹಿಡಿದ. ಹಿಂದೆ ವಿಡಿಯೋ ಪಾರ್ಲರುಗಳಲ್ಲಿ ರೂಪಾಯಿ ಕೊಟ್ಟು ಆಡಿದ ವಾಚಕರಿಗೆ ಅದರ ನೆನಪಿರಬಹುದು: ತುದಿಯಲ್ಲಿ ಗೋಲಿಯಂಥ ಉಂಡೆಯಿರುವ ಹಿಡಿಕೆ, ಪಕ್ಕದಲ್ಲಿ ಅಂಗೈಯಗಲಕ್ಕೆ ಹರಡಿದ ಗುಂಡಿಗಳು. ಅದನ್ನೇ ಒಂದು ಪೆಟ್ಟಿಗೆಗೆ ಕೂಡಿಸಿದರೆ ಮನೆಯಲ್ಲಿ ತೊಡೆಯ ಮೇಲಿಟ್ಟುಕೊಂಡು ಆಡಬಹುದು. ಬೆಲೆ ಕೇಳಿ ನಾವು ಮೌನವಾದೆವು. ಅದೂ ಹೋಗಲಿ, ಒಂದು ಯಂತ್ರಕ್ಕೆ ಕೊಂಡದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲವಂತೆ. ಬಿಚ್ಚಿ ನೋಡಿದರೆ ಒಳಗಿರುವುದು ಬರಿಯ ಸ್ವಿಚ್ಚುಗಳು. ಹಿಡಿಕೆಯ ಬುಡದಲ್ಲಿ ನಾಲ್ಕು, ಹೊಡೆತ ಒದೆತಗಳಿಗೆ ಆರು, 'ಸ್ಟಾರ್ಟ್' 'ಸೆಲೆಕ್ಟ್' ಎಂದು ಎರಡು, ಒಟ್ಟು ಹನ್ನೆರಡು. ಪ್ರತಿಯೊಂದೂ ಬಾಗಿಲ ಕರೆಗಂಟೆಯ ಗುಂಡಿಯಷ್ಟೇ ಸರಳ. ಹನ್ನೆರಡು ತಂತಿ, ಎಲ್ಲಕ್ಕೂ ಸೇರಿ 'ಗ್ರೌಂಡ್' ಎಂಬ ಹದಿಮೂರನೆಯ ತಂತಿ. ಇಷ್ಟಕ್ಕೆ ಯಂತ್ರ ಬದಲಾದಾಗಲೆಲ್ಲ ಹೊಸ ಪೆಟ್ಟಿಗೆ ಏಕೆ ಕೊಳ್ಳಬೇಕು? ಈ ಪ್ರಶ್ನೆಯ ಹಿಂದೆ ಸುಮಾರು ಐವತ್ತು ವರ್ಷಗಳ ಇತಿಹಾಸವಿದೆ.

1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಮನೆಬಳಕೆಯ ಯಂತ್ರವನ್ನು ಹೊರತಂದಾಗ ವ್ಯವಸ್ಥೆ ಬಹಳ ಸರಳವಾಗಿತ್ತು. ಮೇಲೆ, ಕೆಳಗೆ, ಎಡ, ಬಲ, ಗುಂಡಿ, ಇವಕ್ಕೆ ಒಂದೊಂದು ತಂತಿ, ಆರನೆಯದು ಗ್ರೌಂಡ್. ಯಾವ ತಂತಿ ಗ್ರೌಂಡಿಗೆ ತಾಗಿತೆಂದು ಯಂತ್ರ ನೋಡಿಕೊಳ್ಳುತ್ತಿತ್ತು, ಅಷ್ಟೆ. 1982ರ ಕಮೊಡೋರ್ 64, 1985ರ ಅಮಿಗಾ ಮೊದಲಾದ ಕಂಪ್ಯೂಟರುಗಳೂ ಅದೇ ಒಂಬತ್ತರ ಪ್ಲಗ್ಗನ್ನು ಒಪ್ಪಿಕೊಂಡವು. ಒಂದು ಜಾಯ್‌ಸ್ಟಿಕ್ ಮನೆಮನೆ ತಿರುಗಬಹುದಾಗಿದ್ದ ಆ ಕಾಲವನ್ನು ಸತ್ಯಯುಗವೆಂದರೆ ತಪ್ಪಾಗಲಾರದು.

ಬೇರೆಯದೇ ದಾರಿ ಹಿಡಿದದ್ದು ಜಪಾನಿನ ನಿಂಟೆಂಡೋ. 1983ರಲ್ಲಿ ಬಂದ ಅದರ ಫ್ಯಾಮಿಕಾಂ ಯಂತ್ರದ ಕೈಪೆಟ್ಟಿಗೆಯಲ್ಲಿ ಎಂಟು ಸ್ವಿಚ್ಚುಗಳಿದ್ದವು. ಆದರೆ ಸುದ್ದಿ ಹೊರುವ ತಂತಿ ಒಂದೇ. ಒಳಗೆ 4021 ಎಂಬ ಪುಟ್ಟ ಚಿಪ್ಪು. ಶಾಲೆಯ ಮೇಷ್ಟ್ರು ಹಾಜರಿ ಕರೆಯುವುದನ್ನು ನೆನೆದುಕೊಳ್ಳಿ. ಯಂತ್ರ ಮೊದಲು 'ಇದ್ದ ಹಾಗೇ ನಿಲ್ಲಿ' ಎಂದು ಒಂದು ತಂತಿಯಲ್ಲಿ ಸನ್ನೆ ಕೊಡುತ್ತದೆ. ಆಮೇಲೆ ಇನ್ನೊಂದು ತಂತಿಯಲ್ಲಿ ಒಂದೊಂದೇ ತಟ್ಟು. ಪ್ರತಿ ತಟ್ಟಿಗೆ ಒಂದು ಗುಂಡಿಯ ಹಾಜರಿ. ಇದು ಸೆಕೆಂಡಿಗೆ ಸುಮಾರು ಅರವತ್ತು ಸಲ ನಡೆಯುತ್ತದೆ. ತಂತಿ ಉಳಿಯಿತು, ನಿಜ, ಸರಳತೆ ಹೋಯಿತು.

ನಮ್ಮ ಟ್ರಂಕಿನ ಟಿ.ವಿ. ಗೇಮ್ ಈ ಫ್ಯಾಮಿಕಾಮಿನದೇ ನಕಲು. ಅಂಥ ನಕಲುಗಳನ್ನು ತಯಾರಿಸಿದ ಎಷ್ಟೋ ಮಂದಿ ಸುಲಭವಾಗಿ ಸಿಗುತ್ತದೆಂದು ಅಟಾರಿಯ ಒಂಬತ್ತರ ಪ್ಲಗ್ಗನ್ನು ಹಾಕಿ, ಒಳಗೆ ನಿಂಟೆಂಡೋವಿನ ಹಾಜರಿ ಪದ್ಧತಿಯನ್ನೇ ಇಟ್ಟಿದ್ದರು. ಲೋಕಲ್ ರೈಲಿನಲ್ಲಿ ಮುಖ ನೋಡಿ ನಮ್ಮ ಕಡೆಯವರೇ ಎಂದು ಕನ್ನಡದಲ್ಲಿ ಮಾತಿಗಿಳಿದು, ಎದುರಿನಿಂದ ಅಪ್ಪಟ ಮರಾಠಿಯಲ್ಲಿ ಉತ್ತರ ಬಂದಾಗ ನಮ್ಮಲ್ಲಿ ಅನೇಕರು ಪೆಚ್ಚಾಗಿದ್ದೇವಲ್ಲ, ಅದೇ ಕಥೆ. ನಾವಾದರೂ ಪೆಚ್ಚಾಗಿ ಸುಮ್ಮನಾಗುತ್ತೇವೆ. ಯಂತ್ರಗಳಿಗೆ ಅಪಾಯವೂ ಉಂಟು. 1988ರ ಸೇಗಾ ಮೆಗಾ ಡ್ರೈವ್ ಕೂಡ ಇದೇ ಆಕಾರದ ಪ್ಲಗ್ಗನ್ನು ಬಳಸಿತು, ಆದರೆ ವಿದ್ಯುತ್ತು ಏಳನೆಯ ಪಿನ್ನಿನ ಬದಲು ಐದನೆಯದರಲ್ಲಿ. ಅದರ ಕೈಪೆಟ್ಟಿಗೆಯನ್ನು ಕಮೊಡೋರಿಗೆ ಸಿಕ್ಕಿಸಿದರೆ ಕಂಪ್ಯೂಟರೇ ಕೆಡಬಹುದು.

1991ರಲ್ಲಿ ಕ್ಯಾಪ್ಕಾಂ ಕಂಪನಿಯ 'ಸ್ಟ್ರೀಟ್ ಫೈಟರ್ 2' ಪಾರ್ಲರುಗಳಿಗೆ ಬಂತು. ಮೂರು ಹೊಡೆತ, ಮೂರು ಒದೆತ, ಆರು ಗುಂಡಿ. ಪಾರ್ಲರಿನ ಯಂತ್ರಗಳಿಗೆ 1985ರಿಂದ 'ಜಾಮಾ' ಎಂಬ 56 ಸಂಪರ್ಕಗಳ ಒಪ್ಪಂದವಿತ್ತು. ಒಬ್ಬ ಆಟಗಾರನಿಗೆ ಅದು ಕೊಟ್ಟದ್ದು ಮೂರೇ ಗುಂಡಿ. ಒದೆತಗಳಿಗಾಗಿ ಪ್ರತ್ಯೇಕ ತಂತಿಗೊಂಚಲು ಎಳೆಯಬೇಕಾಯಿತು. ಮರುವರ್ಷ ಆಟ ಮನೆಯ ಯಂತ್ರಕ್ಕೂ ಬಂತು. ಪಾರ್ಲರಿನಲ್ಲಿ ಕೈ ಪಳಗಿದವರು ಮನೆಯಲ್ಲೂ ಅದೇ ಹಿಡಿಕೆ ಬೇಕೆಂದರು. ಆದರೆ 1994ರಲ್ಲಿ ಪ್ಲೇಸ್ಟೇಷನ್ ಮತ್ತು ಸ್ಯಾಟರ್ನ್, 1998ರಲ್ಲಿ ಡ್ರೀಮ್‌ಕಾಸ್ಟ್, ಹೀಗೆ ಬಂದ ಪ್ರತಿಯೊಂದಕ್ಕೂ ತನ್ನದೇ ಪ್ಲಗ್ಗು, ತನ್ನದೇ ಭಾಷೆ.

ಹವ್ಯಾಸಿಗಳು ಕಂಡುಕೊಂಡ ಉಪಾಯ ಸೊಗಸಾದದ್ದು. ಆ ಯಂತ್ರದ್ದೇ ಒಂದು ಕೈಪೆಟ್ಟಿಗೆ ಕೊಂಡು, ಬಿಚ್ಚಿ, ರಬ್ಬರಿನ ಗುಂಡಿ ತಾಗುವ ಜಾಗಗಳಿಗೆ ತಮ್ಮ ಹದಿಮೂರು ತಂತಿಗಳನ್ನು ಬೆಸೆದುಬಿಡುವುದು. ಭಾಷೆ ಬಲ್ಲ ದುಭಾಷಿಯನ್ನೇ ಮನೆಯಲ್ಲಿಟ್ಟುಕೊಂಡ ಹಾಗೆ. ಇಲ್ಲೊಂದು ತೊಡಕಿದೆ. ಕೆಲವು ಪೆಟ್ಟಿಗೆಗಳಲ್ಲಿ ಎಲ್ಲ ಗುಂಡಿಗಳ ಒಂದು ಬದಿ ಒಂದೇ ಗ್ರೌಂಡಿಗೆ ಸೇರಿರುತ್ತದೆ, ಕೆಲವದರಲ್ಲಿ ಇಲ್ಲ. ಮಲ್ಟಿಮೀಟರು ಹಿಡಿದು ನೋಡದೆ ಬೆಸುಗೆಗೆ ಕೂತವರು ಪಶ್ಚಾತ್ತಾಪ ಪಟ್ಟಿದ್ದಾರೆ. ಎರಡು ದುಭಾಷಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವುದಾದರೆ ಎರಡೂ ಹಲಗೆಗಳಿಗೆ ವಿದ್ಯುತ್ತು ಕೊಡಲೇಬೇಕು. ಕೊಡದಿದ್ದರೆ ಮಲಗಿರುವ ಹಲಗೆ ಎಚ್ಚರಿರುವ ಹಲಗೆಯ ಸಂಕೇತವನ್ನೂ ಕೆಳಗೆಳೆಯುತ್ತದೆ. ಕಚೇರಿಯಲ್ಲಿ ದಶಕಗಳನ್ನು ಕಳೆದ ನಮಗೆ ಇದನ್ನು ಅರ್ಥಮಾಡಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

1996ರಲ್ಲಿ ಬಂದ ಯು.ಎಸ್.ಬಿ. ಪ್ಲಗ್ಗು ಸತ್ಯಯುಗವನ್ನು ಮರಳಿ ತರಬೇಕಿತ್ತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಅಜಯ್ ಭಟ್ ಬರೋಡಾದಲ್ಲಿ ಓದಿದವರು, ನಮಗೆಲ್ಲ ಹೆಮ್ಮೆಯ ಸಂಗತಿ. ಕನ್ಸೋಲ್ ಕಂಪನಿಗಳು ಆ ಪ್ಲಗ್ಗನ್ನು ಒಪ್ಪಿದವು, ಜೊತೆಗೆ ಬೀಗವನ್ನೂ ಜಡಿದವು. 2005ರ ಎಕ್ಸ್‌ಬಾಕ್ಸ್ 360 ಕೈಪೆಟ್ಟಿಗೆಯೊಳಗಿನ ಚಿಪ್ಪಿನಿಂದ ಗುರುತಿನ ಚೀಟಿ ಕೇಳುತ್ತದೆ. 2013ರ ಪ್ಲೇಸ್ಟೇಷನ್ 4 ಇನ್ನೂ ನಾಜೂಕು. ಚೀಟಿಯಿಲ್ಲದ ಹಿಡಿಕೆಯನ್ನು ಎಂಟು ನಿಮಿಷ ಆಡಗೊಟ್ಟು ಆಮೇಲೆ ಹೊರದೂಡುತ್ತದೆ. ಆಟಗಾರನ ಹಿತಕ್ಕಾಗಿ ಇಂಥ ಬೀಗ ಎಂಬ ವಾದ ನಮಗೆ ಒಪ್ಪಿಗೆಯಾಗಿಲ್ಲ. ಹಿಡಿಕೆ ನಮ್ಮದು, ಕೈ ನಮ್ಮದು, ಯಂತ್ರಕ್ಕೂ ನಾವೇ ದುಡ್ಡು ಕೊಟ್ಟಿದ್ದೇವೆ.

2009ರಲ್ಲಿ 'ಸ್ಟ್ರೀಟ್ ಫೈಟರ್ 4' ಮನೆಯ ಯಂತ್ರಗಳಿಗೆ ಬಂದಾಗ ಈ ಕಸುಬಿಗೆ ಮತ್ತೆ ಜೀವ ಬಂತು. ಆ ಸುಮಾರಿನಲ್ಲಿ ಹವ್ಯಾಸಿಗಳ ನಡುವಿನಿಂದಲೇ 'ಖಥುಲು' ಎಂಬ ವಿಚಿತ್ರ ಹೆಸರಿನ ಹಲಗೆ ಹುಟ್ಟಿತು. ಅದರ ಬಹುಯಂತ್ರ ಆವೃತ್ತಿ ಪ್ಲೇಸ್ಟೇಷನ್, ಗೇಮ್‌ಕ್ಯೂಬ್, ನಿಂಟೆಂಡೋ ಮೊದಲಾದವುಗಳ ಭಾಷೆಗಳನ್ನು ಒಬ್ಬನೇ ಕಲಿತ ಪಂಡಿತ. ಪೆಟ್ಟಿಗೆಯ ಹಿಂದೆ, ನಮ್ಮ ಕಚೇರಿಯ ಕಂಪ್ಯೂಟರುಗಳಿಗೆ ಸಿಕ್ಕಿಸುತ್ತೇವಲ್ಲ, ಆ ಎಂಟು ತಂತಿಯ ಜಾಲದ ಪ್ಲಗ್ಗಿಗೇ ಒಂದು ಬಾಯಿ ಇಟ್ಟರು. ಯಂತ್ರಕ್ಕೊಂದು ಕೇಬಲ್, ಪೆಟ್ಟಿಗೆ ಒಂದೇ. ತರುವಾಯ ತೈವಾನಿನ ಬ್ರೂಕ್ ಕಂಪನಿ ಬೀಗಗಳನ್ನೂ ದಾಟಬಲ್ಲ ಹಲಗೆಗಳನ್ನು ಮಾರಿತು. 2021ರಲ್ಲಿ ನಾಲ್ಕು ಡಾಲರಿನ ರಾಸ್ಪ್‌ಬೆರಿ ಪೈ ಪಿಕೋ ಬಂದ ಮೇಲೆ, ಉಚಿತವಾಗಿ ಸಿಗುವ ತಂತ್ರಾಂಶ ತುಂಬಿ ಯಾರು ಬೇಕಾದರೂ ಹಲಗೆ ಸಿದ್ಧಪಡಿಸಿಕೊಳ್ಳಬಹುದಾಯಿತು.

ನಾವೂ ಅದನ್ನೇ ಕೊಂಡೆವು. ಪ್ಲೈವುಡ್ಡಿನ ಪೆಟ್ಟಿಗೆ ಬಡಗಿಯದು, ಮೂವತ್ತು ಮಿಲಿಮೀಟರಿನ ತೂತುಗಳು ನಮ್ಮವು, ಒಂದೆರಡು ಸೊಟ್ಟಗಾಗಿವೆ. ಪಿಕೋವಿನ ಸಂಕೇತಗಳು 3.3 ವೋಲ್ಟಿನವು. ಐದು ವೋಲ್ಟಿನ ತಂತಿಯನ್ನು ಕಣ್ತಪ್ಪಿ ಗುಂಡಿಯ ಸಾಲಿಗೆ ಬೆಸೆದು ಮೊದಲನೆಯದನ್ನು ಸುಟ್ಟೆವು. ಮನೆಯವರಿಗೆ ವಾಸನೆ ಬಂತು, ಲೆಕ್ಕವೂ ಹೋಯಿತು. ಎರಡನೆಯದು ಕಂಪ್ಯೂಟರಿನ ಆಟಗಳಿಗೆ ಸರಿಯಾಗಿ ಕೂತಿತು.

ಕೊನೆಗೆ ಟ್ರಂಕು ತೆಗೆದೆವು. ಬಿಡಿಯಾಗಿ ಒಂದು 4021 ಚಿಪ್ಪು, ಎಂಟು ರೆಸಿಸ್ಟರು, ಸವೆದ ಹಳೆಯ ಕೈಪೆಟ್ಟಿಗೆಯಿಂದ ಕತ್ತರಿಸಿದ ಕೇಬಲ್, ಇಷ್ಟು ಸಾಕಾಯಿತು. ಈ ಹಲಗೆಗೆ ಐದು ವೋಲ್ಟು ಬೇಕಾದ್ದರಿಂದ ಪಿಕೋವಿಗೆ ತಾಗಿಸಲಿಲ್ಲ. ಹದಿಮೂರು ತಂತಿಗಳ ಗೊಂಚಲನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವಂತೆ ಮಾಡಿದೆವು. ಒಂಬತ್ತರ ಪ್ಲಗ್ಗು ಮತ್ತೆ ಸಲೀಸಾಗಿ ಕೂತಿತು. ಮಾರಿಯೋ ಈ ಸಲ ಬಲಕ್ಕೆ ಓಡಿದ. ಹಿಡಿಕೆಯನ್ನು ಚಿರಂಜೀವಿಗೆ ಕೊಟ್ಟರೆ ಮೊದಲನೆಯ ಹಳ್ಳಕ್ಕೇ ಬಿದ್ದ. ಗುಂಡಿ ಸರಿಯಿಲ್ಲವೆಂದು ನಮ್ಮ ಮೇಲೆಯೇ ದೂರಿದ.